ಕಳೆ ಕತ್ತರಿಸುವ ಯಂತ್ರ ಚಾಲೂ ಆಗದಿದ್ದರೆ

ಕಳೆಯನ್ನು ಬೀಜ ಕಟ್ಟುವ ಮೊದಲೇ ಕತ್ತರಿಸಬೇಕು. ಆ ಹೊತ್ತಿಗೆ ಪೆಟ್ರೋಲ್ ಯಂತ್ರ ಮುಷ್ಕರ ಹೂಡಿದರೆ ರೈತರು ಹಗ್ಗ ಎಳೆದು ದಣಿಯದೆ ಕ್ರಮವಾಗಿ ಪರೀಕ್ಷಿಸಬೇಕು.

ಮೊದಲು ಸ್ವಿಚ್ಚು ನೋಡಿರಿ. ತಿಂಗಳುಗಟ್ಟಲೆ ಉಳಿದ ಪೆಟ್ರೋಲನ್ನು ಡಬ್ಬಿಗೆ ಬಸಿದು ತೆಗೆಯಿರಿ. ಅದರಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರುತ್ತದೆ. ಬೀಡಿ, ಬೆಂಕಿ ದೂರವಿರಲಿ. ಎರಡು ಸ್ಟ್ರೋಕಿನ ಎಂಜಿನ್ನಾದರೆ ಹೊಸ ಪೆಟ್ರೋಲಿಗೆ ಕೈಪಿಡಿಯಲ್ಲಿ ತಿಳಿಸಿದಷ್ಟೇ ಆಯಿಲ್ ಬೆರೆಸಿರಿ.

ಚಾಲೂ ಮಾಡಲು ಯತ್ನಿಸಿದ ನಂತರ ಪ್ಲಗ್ ಬಿಚ್ಚಿ ನೋಡಿರಿ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಒಣಗಿಸಿ ಹಾಕಿ, ಚೋಕ್ ಕೊಡದೆ ಎಳೆಯಿರಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಫಿಲ್ಟರನ್ನು ಶುಚಿಮಾಡಿರಿ. ಮಸಿ ಹಿಡಿದಿದ್ದರೆ ಉಜ್ಜಿ ತೆಗೆಯಿರಿ. ಗಾಳಿ ಫಿಲ್ಟರಿನ ಧೂಳನ್ನೂ ಕೊಡವಿರಿ.

ಹಂಗಾಮು ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಮರುವರ್ಷ ಈ ತೊಂದರೆ ಬಹುಮಟ್ಟಿಗೆ ತಪ್ಪುವುದು.