ಎಂಜಿನಿಯರಿಂಗ್ ಮೊದಲ ವರ್ಷ: ‘ಸಿ’ ಕಲಿಸುವುದೇನು?

ಸಿಇಟಿ ಮುಗಿದು, ಸೀಟು ದೊರೆತು, ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ಎದುರಾಗುವ ವಿಷಯಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಒಂದು. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ವಿಟಿಯು) ಬಹುಕಾಲ ಈ ವಿಷಯವನ್ನು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಭೇದವಿಲ್ಲದೆ ಎಲ್ಲ ವಿಭಾಗದವರಿಗೂ ಕಡ್ಡಾಯಗೊಳಿಸಿತ್ತು. ಸೇತುವೆ ಕಟ್ಟಲು ಹೊರಟವರಿಗೆ ‘ಸಿ’ ಭಾಷೆಯ ಗೊಡವೆ ಏಕೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲೂ ಪೋಷಕರಲ್ಲೂ ಆಗಿನಿಂದಲೇ ಇದೆ.

ಪಠ್ಯದ ಹೆಸರು ಮಾತ್ರ ಪದೇ ಪದೇ ಬದಲಾಗಿದೆ. 2006 ಮತ್ತು 2010ರ ಪಠ್ಯಕ್ರಮಗಳಲ್ಲಿ ಅದು ‘ಕಂಪ್ಯೂಟರ್ ಕಾನ್ಸೆಪ್ಟ್ಸ್ ಅಂಡ್ ಸಿ ಪ್ರೋಗ್ರಾಮಿಂಗ್’. ವಿದ್ಯಾರ್ಥಿಗಳ ಬಾಯಲ್ಲಿ ‘ಸಿಸಿಪಿ’. 2014ರಲ್ಲಿ ಡೇಟಾ ಸ್ಟ್ರಕ್ಚರ್ ಸೇರಿತು. 2018ರಲ್ಲಿ ‘ಸಿ ಪ್ರೋಗ್ರಾಮಿಂಗ್ ಫಾರ್ ಪ್ರಾಬ್ಲಂ ಸಾಲ್ವಿಂಗ್’ ಎಂದಾಯಿತು. ಸಮಸ್ಯೆ ಬಿಡಿಸುವುದು ಮುಖ್ಯ, ಭಾಷೆ ನೆಪಮಾತ್ರ ಎಂಬ ಆಶಯ ಆ ಹೆಸರಿನಲ್ಲೇ ಇದೆ. ಆಶಯವೇನೋ ಸರಿ. ಲ್ಯಾಬಿನಲ್ಲಿ ನಡೆಯುವುದು ಬೇರೆ.

ವರ್ಗ ಸಮೀಕರಣದ ಮೂಲಗಳು, ಬೈನರಿ ಸರ್ಚ್, ಬಬಲ್ ಸಾರ್ಟ್, ಮಾತೃಕೆಗಳ ಗುಣಾಕಾರ, ಹೀಗೆ ಹತ್ತಾರು ಪ್ರೋಗ್ರಾಂಗಳ ಪಟ್ಟಿ ಪಠ್ಯಕ್ರಮದಲ್ಲೇ ಅಚ್ಚಾಗಿರುತ್ತದೆ. ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದದ್ದನ್ನು ಬರೆಯಬೇಕು. ಇಷ್ಟು ತಿಳಿದ ಮೇಲೆ ಇಡೀ ಪಟ್ಟಿಯನ್ನೇ ಉರು ಹೊಡೆಯುವುದು ವಿದ್ಯಾರ್ಥಿಗೆ ಕಾಣುವ ಅತಿ ಸುಲಭ ದಾರಿ. ಕಲಿಯುವ ಅವಕಾಶ ಕೈತಪ್ಪುವುದು ಇಲ್ಲಿಯೇ. ವರ್ಗ ಸಮೀಕರಣದ ಸೂತ್ರ ಎಸ್ಸೆಸ್ಸೆಲ್ಸಿಯಲ್ಲೇ ಬಾಯಿಪಾಠವಾಗಿರುತ್ತದೆ. ಆದರೆ ಮೊದಲ ಸಹಗುಣಕ ಸೊನ್ನೆಯಾದರೆ ಏನು ಗತಿ? ಶೋಧಕದ ಬೆಲೆ ಋಣಾತ್ಮಕವಾದರೆ? ಕಾಗದದ ಮೇಲೆ ಮನುಷ್ಯ ತಾನಾಗಿ ಗಮನಿಸುವ ಈ ಸಂಗತಿಗಳನ್ನು ಯಂತ್ರ ಗಮನಿಸದು. ಮುಂಚೆಯೇ ಯೋಚಿಸಿ ಹೇಳಿಕೊಟ್ಟರಷ್ಟೇ ಅದು ಮಾಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪಾಠವೊಂದು ಫ್ಯಾಕ್ಟೋರಿಯಲ್ ಲೆಕ್ಕದಲ್ಲಿದೆ. 1ರಿಂದ ಒಂದು ಸಂಖ್ಯೆಯವರೆಗಿನ ಎಲ್ಲ ಪೂರ್ಣಾಂಕಗಳ ಗುಣಲಬ್ಧವೇ ಆ ಸಂಖ್ಯೆಯ ಫ್ಯಾಕ್ಟೋರಿಯಲ್. 7ರದ್ದು 5,040, 8ರದ್ದು 40,320. 2000ದ ದಶಕದಲ್ಲಿ ಬಹಳಷ್ಟು ಕಾಲೇಜುಗಳ ಲ್ಯಾಬಿನಲ್ಲಿದ್ದ ನೀಲಿ ಪರದೆಯ ‘ಟರ್ಬೋ ಸಿ’ಯಲ್ಲಿ ಈ ಲೆಕ್ಕಕ್ಕೆ ‘ಇಂಟ್’ ಬಳಸಿದವರಿಗೆ 7ರವರೆಗೆ ಉತ್ತರ ಸರಿಯಾಗಿಯೇ ಬರುತ್ತಿತ್ತು. 8 ಕೊಟ್ಟೊಡನೆ ಪರದೆಯಲ್ಲಿ ಮೂಡುತ್ತಿದ್ದುದು ಮೈನಸ್ 25,216! ಧನ ಸಂಖ್ಯೆಗಳನ್ನೇ ಗುಣಿಸಿದರೂ ಋಣ ಸಂಖ್ಯೆ ಬಂದದ್ದೆಲ್ಲಿಂದ?

ಕಾರಣ ಸರಳ. ಟರ್ಬೋ ಸಿ ಒಂದು ‘ಇಂಟ್’ಗೆ ನೀಡುತ್ತಿದ್ದ ಜಾಗ 16 ಬಿಟ್. ಸೊನ್ನೆ ಮತ್ತು ಒಂದರ 16 ಮನೆಗಳಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳು 65,536 ಮಾತ್ರ. ಅದರಲ್ಲಿ ಅರ್ಧ ಋಣ ಸಂಖ್ಯೆಗಳಿಗೆ ಮೀಸಲು. ಹೀಗಾಗಿ ಗರಿಷ್ಠ ಮಿತಿ 32,767. ಹಳೆಯ ಸ್ಕೂಟರಿನ ಮೀಟರು 99,999 ಕಿಲೋಮೀಟರ್ ದಾಟಿದೊಡನೆ ಸೊನ್ನೆಗೆ ಮರಳುವಂತೆ, ಇಲ್ಲಿ ಸಂಖ್ಯೆ ಮಿತಿ ದಾಟಿದಾಗ ಋಣದ ಕೊನೆಗೆ ಜಾರುತ್ತದೆ. 40,320ರಿಂದ 65,536 ಕಳೆದು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ.

ಇಂದಿನ ಕಂಪ್ಯೂಟರುಗಳಲ್ಲಿ ‘ಇಂಟ್’ ಸಾಮಾನ್ಯವಾಗಿ 32 ಬಿಟ್. ಮಿತಿ 214 ಕೋಟಿಗೂ ಮೇಲೆ. 12ರ ಫ್ಯಾಕ್ಟೋರಿಯಲ್‌ವರೆಗೆ ತೊಂದರೆಯಿಲ್ಲ. 13ರ ನಿಜವಾದ ಉತ್ತರ 622,70,20,800. ಪರದೆ ತೋರಿಸುವುದು 193,20,53,504. ಇದು ಹಳೆಯದಕ್ಕಿಂತ ಅಪಾಯಕಾರಿ. ಅಲ್ಲಿ ಮೈನಸ್ ಚಿಹ್ನೆಯಾದರೂ ಎಚ್ಚರಿಸುತ್ತಿತ್ತು. ಇಲ್ಲಿ ತಪ್ಪು ಉತ್ತರ ಸರಿಯುತ್ತರದ ವೇಷದಲ್ಲೇ ಬಂದು ನಿಲ್ಲುತ್ತದೆ.

ಲ್ಯಾಬಿನಲ್ಲಿ ಇಂತಹ ತಪ್ಪಿಗೆ ಒಂದೆರಡು ಅಂಕ ಹೋಗಬಹುದು. ಆದರೆ 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ‘ಏರಿಯಾನ್ 5’ ರಾಕೆಟ್ ಮೊದಲ ಬಾರಿಗೆ ಮೇಲೇರಿದಾಗ ಇದೇ ಬಗೆಯ ತಪ್ಪಿಗೆ ತೆತ್ತ ಬೆಲೆ ಬೇರೆಯದಾಗಿತ್ತು. 64 ಬಿಟ್‌ನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕವಾಗಿ ಪರಿವರ್ತಿಸುವಾಗ ಬೆಲೆ ಮಿತಿ ಮೀರಿತು. ದಿಕ್ಕು ತೋರಿಸುವ ವ್ಯವಸ್ಥೆ ಕೈಕೊಟ್ಟಿತು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ಛಿದ್ರವಾಗಿ, ಒಳಗಿದ್ದ ನಾಲ್ಕು ‘ಕ್ಲಸ್ಟರ್’ ಉಪಗ್ರಹಗಳೂ ನಾಶವಾದವು. ಅಲ್ಲಿ ಬಳಸಿದ್ದು ‘ಏಡಾ’ ಭಾಷೆ, ‘ಸಿ’ ಅಲ್ಲ. ಹಿಂದಿನ ‘ಏರಿಯಾನ್ 4’ರಲ್ಲಿ ಸರಿಯಾಗಿ ನಡೆದಿದ್ದ ಪ್ರೋಗ್ರಾಂ ಭಾಗವನ್ನು, ಹೊಸ ರಾಕೆಟ್ಟಿನ ವೇಗಕ್ಕೆ ಅದು ತಾಳುವುದೇ ಎಂದು ಪರೀಕ್ಷಿಸದೆ ಮರುಬಳಸಿದ್ದು ಮುಳುವಾಯಿತು.

ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1972ರ ಹೊತ್ತಿಗೆ ರೂಪಿಸಿದ ‘ಸಿ’, ಯಂತ್ರದ ಇಂತಹ ಮಿತಿಗಳನ್ನು ಮರೆಮಾಚುವುದಿಲ್ಲ. ಮೊದಲ ಪಾಠಕ್ಕೆ ಅದು ಒಗ್ಗಿದ್ದಕ್ಕೂ, ಹೊಸಬರನ್ನು ಹೆದರಿಸಿದ್ದಕ್ಕೂ ಅದೇ ಕಾರಣ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಇಂಗ್ಲಿಷಿಗೆ ಅಂಜಿ ಈ ವಿಷಯದಿಂದ ಹಿಂಜರಿಯುವುದುಂಟು. ಆ ಅಂಜಿಕೆಗೆ ಅಷ್ಟೇನೂ ಆಧಾರವಿಲ್ಲ. ‘ಆನ್ಸಿ ಸಿ’ಯ ಮೀಸಲು ಪದಗಳು ಒಟ್ಟು 32, ಕನ್ನಡ ವರ್ಣಮಾಲೆಯ 49 ಅಕ್ಷರಗಳಿಗಿಂತಲೂ ಕಡಿಮೆ. ಕಷ್ಟವಿರುವುದು ತರ್ಕದಲ್ಲಿ. ಆ ತರ್ಕವನ್ನು ಮೇಷ್ಟರು ಕನ್ನಡದಲ್ಲಿ ವಿವರಿಸಿದರೂ ನಷ್ಟವೇನಿಲ್ಲ.

ಇನ್ನು ಸಿವಿಲ್, ಮೆಕ್ಯಾನಿಕಲ್‌ನವರ ಪ್ರಶ್ನೆ. ವಿದ್ಯಾರ್ಥಿಗಳು ಪ್ರಾಜೆಕ್ಟುಗಳಿಗೆ ಬಳಸುವ ‘ಆರ್ಡುಯಿನೋ ಉನೋ’ ಎಂಬ ಪುಟ್ಟ ಬೋರ್ಡಿನ ಹಳೆಯ ಮಾದರಿಗಳಲ್ಲಿ ‘ಇಂಟ್’ 16 ಬಿಟ್ಟೇ. ಪಂಪನ್ನೋ ಮೋಟಾರನ್ನೋ ನಿಯಂತ್ರಿಸುವಾಗ ಕಾಲವನ್ನು ಮಿಲಿಸೆಕೆಂಡಿನಲ್ಲಿ ಎಣಿಸಿ ‘ಇಂಟ್’ನಲ್ಲಿಟ್ಟರೆ 33 ಸೆಕೆಂಡು ತುಂಬುವ ಮೊದಲೇ ಲೆಕ್ಕ ತಿರುವುಮುರುವಾಗುತ್ತದೆ. ಲ್ಯಾಬಿನಲ್ಲಿ ಆ ಮೈನಸ್ ಉತ್ತರದ ಮುಂದೆ ಒಮ್ಮೆ ತಲೆ ಕೆರೆದುಕೊಂಡಿದ್ದವರು ದೋಷವನ್ನು ಕೂಡಲೇ ಪತ್ತೆಹಚ್ಚುತ್ತಾರೆ. ಉರು ಹೊಡೆದಿದ್ದವರು ಬೋರ್ಡನ್ನೇ ಬದಲಿಸಲು ಹೊರಡುತ್ತಾರೆ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಪಟ್ಟಿಯ ಅಷ್ಟೂ ಪ್ರೋಗ್ರಾಂಗಳನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಬಾಯಿಪಾಠಕ್ಕೆ ಇದ್ದ ಅಲ್ಪಸ್ವಲ್ಪ ಬೆಲೆಯೂ ಇದರಿಂದ ಹೋಯಿತು. ಬರೆದುಕೊಟ್ಟದ್ದಕ್ಕೆ 13ನ್ನು ಕೊಟ್ಟು ಪರೀಕ್ಷಿಸಬೇಕು ಎಂದು ಹೊಳೆಯುವುದಕ್ಕೆ ಮಾತ್ರ ಬೆಲೆ ಉಳಿದಿದೆ.

ವಿಟಿಯು 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ ಪೈಥಾನ್ ಪರಿಚಯದ ಪಾಠವನ್ನೂ ಸೇರಿಸಿತು. ಪೈಥಾನಿನ ಪೂರ್ಣಾಂಕಗಳಿಗೆ ಇಂತಹ ಗಡಿಯಿಲ್ಲ. 13ರದಿರಲಿ, 100ರ ಫ್ಯಾಕ್ಟೋರಿಯಲ್ಲೂ ಸರಿಯಾಗಿಯೇ ಬರುತ್ತದೆ. ಹಾಗೆಂದು ಯಂತ್ರ ಬದಲಾಗಿಲ್ಲ. ಅದೇ ಪೈಥಾನಿನಲ್ಲಿ 0.1 ಮತ್ತು 0.2ನ್ನು ಕೂಡಿಸಿದರೆ ಬರುವ ಉತ್ತರ 0.30000000000000004. ಮೂರನೇ ಒಂದು ಭಾಗವನ್ನು ದಶಮಾನ ಪದ್ಧತಿಯಲ್ಲಿ 0.333 ಎಂದು ಬರೆಯುತ್ತಾ ಹೋದರೆ ಮುಗಿಯದಂತೆ, ಹತ್ತನೇ ಒಂದು ಭಾಗ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದಿಲ್ಲ. ಯಂತ್ರವು ಎಲ್ಲೋ ಒಂದು ಕಡೆ ಅದನ್ನು ಕತ್ತರಿಸಲೇಬೇಕು.