ರೈತನ ಸೊಂಟದ ಚಾಕು

ಎತ್ತಿನ ಕೊರಳಿಗೆ ಹಗ್ಗವು ಸುತ್ತಿಕೊಂಡು ಅದು ನೆಲಕ್ಕೆ ಬಿದ್ದು ಒದ್ದಾಡುತ್ತಿರುವಾಗ, ಮನೆಗೆ ಓಡಿಹೋಗಿ ಮಚ್ಚನ್ನು ತರುವಷ್ಟು ಅವಕಾಶವಿರುವುದಿಲ್ಲ. ಅಂತಹ ಸಮಯದಲ್ಲಿ ಸೊಂಟದಲ್ಲಿರುವ ಒಂದು ಸಣ್ಣ ಚಾಕು ಪಶುವಿನ ಪ್ರಾಣವನ್ನು ಉಳಿಸುತ್ತದೆ. ಮೂಟೆಯ ಹೊಲಿಗೆಯನ್ನು ಬಿಚ್ಚುವುದಕ್ಕೂ, ಬಾಳೆಯ ಒಣಗಿದ ಎಲೆಯನ್ನು ಸವರುವುದಕ್ಕೂ, ಕಸಿಯ ಕಡ್ಡಿಯನ್ನು ಸೀಳುವುದಕ್ಕೂ, ಬಿತ್ತನೆಯ ಗೆಡ್ಡೆಯನ್ನು ಹೋಳು ಮಾಡುವುದಕ್ಕೂ ರೈತನ ಕೈ ದಿನಕ್ಕೆ ಹತ್ತಾರು ಸಲ ಚಾಕುವನ್ನು ಹುಡುಕುತ್ತದೆ. ನಮ್ಮ ಹಿರಿಯರು ಈ ಕಾರಣದಿಂದಲೇ ಅದನ್ನು ಮೈಮೇಲಿನ ವಸ್ತುವಾಗಿ ಇಟ್ಟುಕೊಳ್ಳುತ್ತಿದ್ದರು. ಕೊಡಗಿನಲ್ಲಿ ಕುಪ್ಯವನ್ನು ತೊಟ್ಟ ಗಂಡಸರು ಚೇಲೆಯಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುವ ಪದ್ಧತಿಯು ಮದುವೆ ಮುಂತಾದ ಶುಭಕಾರ್ಯಗಳಲ್ಲಿ ಇಂದಿಗೂ ಉಂಟು.

ಆದರೆ ಉಪಕಾರ ಮಾಡುವ ಈ ಚಾಕುವೇ ಅಜಾಗರೂಕತೆಯಿಂದ ಬಳಸಿದಲ್ಲಿ ಒಂದು ಗಿಡದ ರೋಗವನ್ನು ತೋಟಕ್ಕೆಲ್ಲಾ ಹರಡುವ ಸಾಧನವೂ ಆಗುತ್ತದೆ. ಚಾಕುವನ್ನು ಹರಿತವಾಗಿಡಬೇಕೆಂಬುದನ್ನು ಎಲ್ಲರೂ ಬಲ್ಲರು. ಅದನ್ನು ಶುಚಿಯಾಗಿಡಬೇಕೆಂಬುದನ್ನು ಬಲ್ಲವರು ಕಡಮೆ. ಆದಕಾರಣ ಈ ಎರಡು ವಿಷಯಗಳನ್ನೂ ಗ್ರಾಮದ ಯಜಮಾನರ ಮತ್ತು ಹಿಡುವಳಿದಾರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಉಕ್ಕಿನ ಹಿರಿಮೆ

ಒಳ್ಳೆಯ ಅಲಗು ನಮ್ಮ ನಾಡಿಗೆ ಹೊಸದಲ್ಲ. ದಕ್ಷಿಣ ಹಿಂದೂಸ್ಥಾನದ ಮೂಸೆಗಳಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕನ್ನು ಯೂರೋಪಿನವರು ‘ವೂಟ್ಸ್’ ಎಂದು ಕರೆದರು. ಈ ಹೆಸರು ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಮುಂಬಯಿಯಿಂದ ಲಂಡನ್ನಿಗೆ ಹೋದ ಅಂತಹ ಉಕ್ಕನ್ನು ಡಾಕ್ಟರ್ ಜಾರ್ಜ್ ಪಿಯರ್ಸನ್ ಎಂಬವರು ಪರೀಕ್ಷಿಸಿ, 1795ರಲ್ಲಿ ಅಲ್ಲಿಯ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನು ಇಟ್ಟರು. ಸ್ಟೋಡಾರ್ಟ್ ಎಂಬ ಚಾಕು ತಯಾರಕರು ಆ ಉಕ್ಕಿನಿಂದ ಮೊದಲು ಬಡಿದು ಮಾಡಿ ನೋಡಿದ್ದು ಖಡ್ಗವನ್ನಲ್ಲ, ಜೇಬಿನಲ್ಲಿಡುವ ಒಂದು ಲೇಖನಿಯ ಚಾಕುವನ್ನು. ಬಡಿಯುವುದು ಕಷ್ಟವಾದರೂ ಅನೇಕ ಕೆಲಸಗಳಿಗೆ ಇದು ತಮ್ಮ ದೇಶದ ಉಕ್ಕಿಗಿಂತ ಮೇಲೆಂದು ಅವರು ಅಭಿಪ್ರಾಯಪಟ್ಟರು. ಮೂಸೆಯ ಉಕ್ಕಿನ ಆ ಕೈಗಾರಿಕೆಯು ಈಗ ನಿಂತುಹೋಗಿದೆ. ಆದರೂ ಉಕ್ಕಿನ ಹದವನ್ನು ಅರಿತ ಕಮ್ಮಾರರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಎಂತಹ ಚಾಕು ಬೇಕು

ದಿನದ ಬಳಕೆಗೆ ಅಲಗು ಮೂರು ಅಂಗುಲವಿದ್ದರೆ ಸಾಕು. ಮಡಿಸುವ ಚಾಕುವಾದರೆ ಕೀಲು ಸಡಿಲವಾಗಿರಕೂಡದು. ಸಡಿಲವಾದ ಕೀಲಿನ ಅಲಗು ಒತ್ತಿದಾಗ ಬೆರಳಿನ ಮೇಲೆಯೇ ಮುಚ್ಚಿಕೊಳ್ಳುವುದುಂಟು. ಮಡಿಸದ ಚಾಕುವಾದರೆ ಚರ್ಮದ ಅಥವಾ ಮರದ ಒರೆ ಇರಲೇಬೇಕು. ಸಾಮಾನ್ಯ ಚಾಕುವಿನ ಬಾಯನ್ನು ಎರಡು ಪಕ್ಕಗಳಿಂದಲೂ ಮಸೆದಿರುತ್ತಾರೆ. ಕಸಿಯ ಚಾಕುವನ್ನಾದರೋ ಸಾಧಾರಣವಾಗಿ ಒಂದೇ ಪಕ್ಕದಿಂದ ಮಸೆದಿರುತ್ತಾರೆ. ಇದರಿಂದ ಕಡ್ಡಿಯ ಕೊಯ್ತವು ಮಟ್ಟಸವಾಗಿ ಬಂದು, ಎರಡು ಕಡ್ಡಿಗಳೂ ಸಂದಿಲ್ಲದೆ ಕೂಡಿಕೊಳ್ಳುತ್ತವೆ.

ತುಕ್ಕು ಹಿಡಿಯದ ಉಕ್ಕಿನ ಚಾಕುಗಳು ಪೇಟೆಯಲ್ಲಿ ದೊರೆಯುತ್ತವೆ. ಅವುಗಳನ್ನು ತೊಳೆದಿಡುವುದು ಸುಲಭ. ಲಾರಿಯ ಹಳೆಯ ಪಟ್ಟಿಯಿಂದ ಕಮ್ಮಾರನು ಮಾಡಿಕೊಡುವ ಚಾಕು ತುಕ್ಕು ಹಿಡಿಯುವುದು ನಿಜ. ಆದರೆ ಅದನ್ನು ಮನೆಯ ಕಲ್ಲಿನ ಮೇಲೆ ಬೇಗನೆ ಮಸೆಯಬಹುದು, ಮುರಿದರೆ ಊರಿನಲ್ಲಿಯೇ ಸರಿಮಾಡಿಸಬಹುದು. ಅಲಗನ್ನು ಕೆಂಪಗೆ ಕಾಯಿಸಿ ಅದ್ದಿದಾಗ ಅದು ಗಾಜಿನಂತೆ ಗಡುಸಾಗಿ ಸುಲಭವಾಗಿ ಮುರಿಯುತ್ತದೆ. ಅದನ್ನು ಮತ್ತೆ ಮೆಲ್ಲನೆ ಕಾಯಿಸಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೊಡನೆ ನಿಲ್ಲಿಸಿದರೆ ಹದ ಕೂಡುತ್ತದೆ. ಈ ಬಣ್ಣವು ಸುಮಾರು 220 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಣುತ್ತದೆ. ಇದಕ್ಕಿಂತ ಹೆಚ್ಚು ಕಾದರೆ ಬಾಯಿ ಮೆತ್ತಗಾಗುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಮಸೆಯುವ ಕ್ರಮ

ಮೊಂಡು ಚಾಕು ಹರಿತವಾದ ಚಾಕುವಿಗಿಂತ ಅಪಾಯಕರ. ಮೊಂಡಾದುದನ್ನು ಬಲವಾಗಿ ಒತ್ತಬೇಕಾಗುತ್ತದೆ. ಒತ್ತಿದಾಗ ಜಾರಿ ಕೈಗೆ ತಗಲುತ್ತದೆ. ಗಿಡಕ್ಕೂ ಅದರಿಂದ ಹಾನಿ. ಜಜ್ಜಿದ ಗಾಯವು ಬೇಗನೆ ಮಾಯದು.

ಮಸೆಯುವ ಕಲ್ಲನ್ನು ನೀರಿನಿಂದ ನೆನೆಸಿ, ಅಲಗಿನ ಬೆನ್ನನ್ನು ಸ್ವಲ್ಪ ಮೇಲಕ್ಕೆತ್ತಿ, ಒಂದೇ ಓಟದಲ್ಲಿ ಎಳೆಯಬೇಕು. ಎತ್ತುವ ಕೋನವು ಸುಮಾರು 20 ಡಿಗ್ರಿ ಇದ್ದು, ಮೊದಲಿನಿಂದ ಕೊನೆಯವರೆಗೂ ಬದಲಾಗಕೂಡದು. ಒಂದು ಪಕ್ಕವನ್ನು ಮಸೆದಾಗ ಬಾಯಿಯ ಅಂಚು ಮತ್ತೊಂದು ಪಕ್ಕಕ್ಕೆ ಎಳೆಯಂತೆ ಮಗುಚಿಕೊಳ್ಳುತ್ತದೆ. ಅದು ಕಂಡುಬಂದ ಮೇಲೆ ಎರಡನೆಯ ಪಕ್ಕವನ್ನು ಮಸೆದು, ಕೊನೆಯಲ್ಲಿ ಚರ್ಮದ ಪಟ್ಟಿಯ ಮೇಲೆ ಬೆನ್ನಿನ ಕಡೆಗೆ ಎಳೆದು ಆ ಎಳೆಯನ್ನು ತೆಗೆಯಬೇಕು.

ಚಾಕುವೇ ರೋಗವಾಹಕ

ಒಬ್ಬ ರೈತನು ಬಿತ್ತನೆಗಾಗಿ ಆಲೂಗೆಡ್ಡೆಯನ್ನು ಹೋಳು ಮಾಡುತ್ತಿದ್ದಾನೆಂದು ಇಟ್ಟುಕೊಳ್ಳೋಣ. ನೂರು ಗೆಡ್ಡೆಗಳಲ್ಲಿ ಒಂದರೊಳಗೆ ಮಾತ್ರ ದುಂಡಾಣು ಸೊರಗು ರೋಗವಿದೆ. ಹೊರಗೆ ಏನೂ ಕಾಣದು. ಚಾಕು ಆ ಗೆಡ್ಡೆಯನ್ನು ಹಾಯ್ದು ಬಂದ ಮೇಲೆ, ಅದರ ರಸವು ಮುಂದಿನ ಗೆಡ್ಡೆಗಳಿಗೂ ತಗಲುತ್ತದೆ. ಬೆಳೆ ಎದ್ದ ಮೇಲೆ ಗಿಡಗಳು ಹಸಿರಾಗಿರುವಾಗಲೇ ಬಾಡಿ ಬೀಳುತ್ತವೆ. ರೈತನು ಮಳೆಯನ್ನೂ ಮಣ್ಣನ್ನೂ ದೂರುತ್ತಾನೆಯೇ ಹೊರತು ತನ್ನ ಕೈಯ ಚಾಕುವನ್ನು ಸಂಶಯಿಸುವುದಿಲ್ಲ.

ಕಬ್ಬಿನಲ್ಲಿ ಕೂಳೆಯನ್ನು ಕುಗ್ಗಿಸುವ ಒಂದು ರೋಗವುಂಟು. ಇದನ್ನು ಮೊದಲು ಗುರುತಿಸಿದುದು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ, 1944-45ನೆಯ ಸಾಲಿನಲ್ಲಿ. ಹೊರಗೆ ಯಾವ ಗುರುತನ್ನೂ ಸ್ಪಷ್ಟವಾಗಿ ತೋರಿಸದೆ ಇಳುವರಿಯನ್ನು ಕಡಮೆ ಮಾಡುವುದು ಇದರ ಸ್ವಭಾವ. ಇದು ಮುಖ್ಯವಾಗಿ ಬಿತ್ತನೆಯ ತುಂಡುಗಳಿಂದಲೂ, ಅವುಗಳನ್ನು ಕಡಿಯುವ ಕತ್ತಿಯಿಂದಲೂ ಹರಡುತ್ತದೆ. ತುಂಡುಗಳನ್ನು 50 ಡಿಗ್ರಿ ಸೆಂಟಿಗ್ರೇಡ್ ಬಿಸಿನೀರಿನಲ್ಲಿ ಎರಡು ಗಂಟೆಗಳ ಕಾಲ ಇಟ್ಟು ಶುದ್ಧಿ ಮಾಡಿದರೂ, ಅಶುದ್ಧವಾದ ಕತ್ತಿಯು ಮತ್ತೆ ರೋಗವನ್ನು ಅಂಟಿಸಬಲ್ಲದು. ನಿಂಬೆ, ಕಿತ್ತಳೆಯ ಜಾತಿಯಲ್ಲಿ ಕಣ್ಣುಕಸಿಯ ಚಾಕುವಿನ ಮೂಲಕ ಎಕ್ಸೊಕಾರ್ಟಿಸ್ ಎಂಬ ರೋಗವು ದಾಟುತ್ತದೆ. ರಂಗಪುರ ನಿಂಬೆಯಂತಹ ಬೇರುಗಿಡಗಳ ತೊಗಟೆ ಸೀಳಿ, ಮರವು ಗಿಡ್ಡಾಗಿಯೇ ಉಳಿಯುತ್ತದೆ.

ಶುದ್ಧಿ ಮಾಡುವ ಕ್ರಮ

ಚಾಕುವನ್ನು ಬೆಂಕಿಯಲ್ಲಿಟ್ಟು ಶುದ್ಧಿಮಾಡುವುದು ಹಲವರ ರೂಢಿ. ಕೆಂಪಗೆ ಕಾಯಿಸಿದರೆ ಮೇಲೆ ಹೇಳಿದಂತೆ ಹದ ಕೆಟ್ಟು ಬಾಯಿ ಮೆತ್ತಗಾಗುತ್ತದೆ. ಸುಮ್ಮನೆ ಉರಿಯ ಮೇಲೆ ಆಡಿಸಿದರೆ ಎಕ್ಸೊಕಾರ್ಟಿಸ್‌ನಂತಹ ರೋಗದ ಕಣಗಳು ಸಾಯುವುದಿಲ್ಲ. ಆದುದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಉತ್ತಮ.

ಮೊದಲು ಅಲಗಿನ ಮೇಲಿನ ಮಣ್ಣನ್ನೂ ಸೊನೆಯನ್ನೂ ಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಕೊಳೆ ಇದ್ದಲ್ಲಿ ಔಷಧದ ಬಲ ಕುಂದುತ್ತದೆ. ಅನಂತರ ಶೇಕಡ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ನೀರನ್ನು ಸೇರಿಸಿ, ಅದರಲ್ಲಿ ಅಲಗನ್ನು ಅದ್ದಬೇಕು. ಇಬ್ಬಗೆಯ ಅನುಕೂಲಕ್ಕಾಗಿ ಎರಡು ಚಾಕುಗಳನ್ನು ಇಟ್ಟುಕೊಂಡು, ಒಂದು ಕೆಲಸ ಮಾಡುತ್ತಿರುವಾಗ ಮತ್ತೊಂದನ್ನು ನೆನೆಯಲು ಬಿಡಬಹುದು. ಈ ದ್ರಾವಣವನ್ನು ದಿನದಿನವೂ ಹೊಸದಾಗಿ ಮಾಡಿ ನೆರಳಿನಲ್ಲಿಡಬೇಕು. ಇದಕ್ಕೆ ಯಾವ ಆಮ್ಲವನ್ನೂ ಬೆರೆಸಕೂಡದು. ಬೆರೆಸಿದರೆ ವಿಷವಾಯು ಹೊರಡುತ್ತದೆ. ಇದು ಉಕ್ಕನ್ನು ತಿನ್ನುವುದಾದ್ದರಿಂದ, ಸಂಜೆ ಅಲಗನ್ನು ನೀರಿನಲ್ಲಿ ತೊಳೆದು, ಒರಸಿ, ಎಣ್ಣೆಯ ಪಸೆಯನ್ನು ಸವರಿ ಇಡತಕ್ಕದ್ದು.

ಕೀಟನಾಶಕದ ಪೊಟ್ಟಣವನ್ನು ಸೀಳಿದ ಚಾಕುವಿನಿಂದ ಬುತ್ತಿಯ ಈರುಳ್ಳಿಯನ್ನು ಎಂದಿಗೂ ಹೆಚ್ಚಕೂಡದು. ಊಟಕ್ಕೆ ಬೇರೆ ಚಾಕು ಇರಲಿ.

ಗಾಯವಾದಲ್ಲಿ

ಚಾಕುವಿನ ತುಕ್ಕಿನಿಂದಲೇ ಧನುರ್ವಾಯು ಬರುವುದೆಂಬ ನಂಬಿಕೆಯುಂಟು. ನಿಜವಾಗಿ ಆ ರೋಗದ ಬೀಜವಿರುವುದು ಮಣ್ಣಿನಲ್ಲಿ ಮತ್ತು ಸಗಣಿಯಲ್ಲಿ. ಆದ್ದರಿಂದ ಹೊಳೆಯುವ ಚಾಕುವಿನ ಗಾಯವೂ ಹೊಲದಲ್ಲಿ ಅಪಾಯಕರವೇ. ಗಾಯಕ್ಕೆ ಮಣ್ಣನ್ನಾಗಲಿ ಸಗಣಿಯನ್ನಾಗಲಿ ಮೆತ್ತದೆ, ಸೋಪು ನೀರಿನಿಂದ ತೊಳೆದು, ಶುದ್ಧವಾದ ಬಟ್ಟೆಯನ್ನು ಒತ್ತಿ ಕಟ್ಟಿ, ವೈದ್ಯಶಾಲೆಗೆ ಹೋಗಿ ಚುಚ್ಚುಮದ್ದಿನ ವಿಷಯವನ್ನು ವಿಚಾರಿಸಬೇಕು.

ಕಾಯಿದೆಯ ಮಾತು

1959ರ ಆಯುಧಗಳ ಕಾಯಿದೆಯ ಕೆಳಗಿನ ನಿಯಮಗಳು, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಕತ್ತಿಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿ, ಮನೆಗೆಲಸ ಮತ್ತು ಬೇಸಾಯ ಮುಂತಾದುವಕ್ಕಾಗಿ ಮಾಡಿದವುಗಳನ್ನು ಹೊರತುಪಡಿಸಿವೆ. ಆದರೂ ಹೊಲದ ಸಾಧನವು ಹೊಲದಲ್ಲಿಯೇ ಶೋಭಿಸುತ್ತದೆ. ಜಾತ್ರೆಗೆ, ನ್ಯಾಯಸ್ಥಾನಕ್ಕೆ, ಮತ ಕೊಡುವ ಸ್ಥಳಕ್ಕೆ ಹೋಗುವಾಗ ಚಾಕುವನ್ನು ಮನೆಯಲ್ಲಿಟ್ಟು ಹೋಗುವುದು ವಿವೇಕ. ಜಗಳದಲ್ಲಿ ಒಂದು ಸಲ ಹೊರಬಂದ ಚಾಕು ಎರಡು ಮನೆಗಳನ್ನು ಹಾಳುಮಾಡುತ್ತದೆ.

ಯಜಮಾನರಲ್ಲಿ ವಿಜ್ಞಾಪನೆ

ಹಿಂದೆ ಕಮ್ಮಾರನಿಗೆ ಕಣದಲ್ಲಿಯೇ ಆಯದ ಕಾಳು ಸಲ್ಲುತ್ತಿತ್ತು. ಆ ಏರ್ಪಾಡು ಹೋದಲ್ಲಿ, ಕುಲುಮೆಯ ಬೆಂಕಿ ಆರದಂತೆ ಕೆಲಸವನ್ನೂ ತಕ್ಕ ಕೂಲಿಯನ್ನೂ ಕೊಡುವುದು ಜಮೀನುಳ್ಳವರ ಕರ್ತವ್ಯ. ಹಾಗೆಯೇ, ಕಸಿಯ ಅಥವಾ ಬಿತ್ತನೆಯ ಕೆಲಸಕ್ಕೆ ಆಳುಗಳನ್ನು ಕರೆದಾಗ, ಕೂಲಿಯ ಜೊತೆಗೆ ಒಂದು ಬೋಗುಣಿ ಔಷಧದ ನೀರನ್ನೂ ಎರಡನೆಯ ಚಾಕುವನ್ನೂ ಒದಗಿಸುವುದು ಅವರಿಗೆ ಸೇರಿದುದು. ಹೇಳಿಕೊಟ್ಟರೆ ಆಳು ಒಂದು ದಿನ ಮಾಡುವನು; ಯಜಮಾನನೇ ತನ್ನ ಚಾಕುವನ್ನು ಅದ್ದಿ ತೋರಿಸಿದರೆ ಊರೇ ಮಾಡುವುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಇದನ್ನು ಅಲಕ್ಷಿಸಿದರೆ ಕಳೆದುಕೊಳ್ಳುವುದು ಒಂದು ವರ್ಷದ ಬೆಳೆಯನ್ನು, ಕೆಲವು ವೇಳೆ ಮಕ್ಕಳ ಕಾಲಕ್ಕೆಂದು ನೆಟ್ಟ ತೋಟವನ್ನೇ. ಮುಂದಿನ ಬಿತ್ತನೆಗೆ ಮೊದಲು ತಮ್ಮ ಗ್ರಾಮದಲ್ಲಿ ಈ ಕ್ರಮವನ್ನು ಆಚರಣೆಗೆ ತರಬೇಕೆಂದು ವಾಚಕ ಮಹಾಶಯರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ.