ಹಾರೆ ಹಿಡಿದ ವಿಜ್ಞಾನಿ

ಸಿಂಧನೂರಿನ ಗದ್ದೆಬಯಲನ್ನು ದಾಟಿ, ಅಶೋಕನ ಹೆಸರನ್ನು ಬಂಡೆಯ ಮೇಲೆ ಕಾಪಾಡಿಕೊಂಡು ಬಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿನತ್ತ ಸಾಗುವ ಪಯಣಿಗನಿಗೆ, ಆ ತಾಲ್ಲೂಕಿನ ಹಟ್ಟಿಯಲ್ಲಿ ನೆಲದಡಿಗೆ ಬೇರೊಂದು ಲೋಕವೇ ಇದೆಯೆಂಬುದು ಮೇಲುನೋಟಕ್ಕೆ ತೋರುವುದಿಲ್ಲ. ಪಾಳಿಯ ವೇಳೆಗೆ ಚಿನ್ನದ ಗಣಿಯ ಕೆಲಸಗಾರರು ಕೆಳಕ್ಕಿಳಿಯುತ್ತಾರೆ; ಪಾಳಿ ಮುಗಿದೊಡನೆ ಮೇಲೇರಿ ಮನೆಗೆ ಮರಳುತ್ತಾರೆ. ಹೀಗೆ ದಿನನಿತ್ಯದ ದುಡಿಮೆಗೆಂದು ನೆಲದಾಳಕ್ಕಿಳಿಯುವ ಮನುಷ್ಯನನ್ನೇ ನಾಯಕನನ್ನಾಗಿಸಿಕೊಂಡ ಕಂಪ್ಯೂಟರ್ ಆಟವೊಂದಿದೆ. ‘ಹಾಫ್-ಲೈಫ್’ ಎಂಬುದು ಅದರ ಹೆಸರು. ಅಮೆರಿಕದ ವಾಲ್ವ್ ಸಂಸ್ಥೆ 1998ರ ನವೆಂಬರ್ ತಿಂಗಳಲ್ಲಿ ಅದನ್ನು ಹೊರತಂದಿತು. ಗುಂಡು ಹಾರಿಸುವ ಆಟವೆಂದೊಡನೆ ಮುಖ ಸಿಂಡರಿಸುವ ತಂದೆತಾಯಿಗಳೂ ಇದರ ಗುಣದೋಷಗಳನ್ನು ಅರಿಯುವುದು ಲೇಸು.

ಗಾರ್ಡನ್ ಫ್ರೀಮನ್ 27 ವರ್ಷದ ಭೌತವಿಜ್ಞಾನಿ. ನ್ಯೂ ಮೆಕ್ಸಿಕೋದ ಮರುಭೂಮಿಯ ಕೆಳಗೆ ಹಬ್ಬಿರುವ ಬ್ಲ್ಯಾಕ್ ಮೇಸಾ ಎಂಬ ಕಲ್ಪಿತ ಸಂಶೋಧನಾಲಯದಲ್ಲಿ ಅವನಿಗೆ ನೌಕರಿ. ಆಟ ಆರಂಭವಾದಾಗ ಅವನು ಕೆಲಸಕ್ಕೆ ತಡವಾಗಿ ಹೊರಟಿದ್ದಾನೆ! ಸುಮಾರು 5 ನಿಮಿಷಗಳ ಕಾಲ ಅವನನ್ನು ಹೊತ್ತ ಬಂಡಿಯು ಸುರಂಗದಿಂದ ಸುರಂಗಕ್ಕೆ ಸಾಗುತ್ತದೆ. ಒಂದು ಗುಂಡೂ ಹಾರುವುದಿಲ್ಲ. ಅನಂತರ ನಡೆದ ಪ್ರಯೋಗವೊಂದು ಕೆಟ್ಟು, ಅನ್ಯಲೋಕದ ಬಾಗಿಲು ತೆರೆದು, ವಿಕಾರಜೀವಿಗಳು ಒಳನುಗ್ಗುತ್ತವೆ. ಆಗ ನಮ್ಮ ಪಂಡಿತನ ಕೈಗೆ ಮೊದಲು ದೊರೆಯುವ ಆಯುಧ ಬಂದೂಕಲ್ಲ, ಹಾರೆ. ಕಲ್ಲು ಮೀಟುವ ಹಾರೆಯನ್ನು ನೋಡದ ಮನೆ ರಾಯಚೂರು ಸೀಮೆಯಲ್ಲಿ ಎಲ್ಲಿದೆ?

ಈ ಆಟದ ಹಿರಿಮೆಯಿರುವುದು ಕಥನದ ರೀತಿಯಲ್ಲಿ. ಬಯಲಾಟದಲ್ಲಿ ಸಾರಥಿಯು ಪಾತ್ರಧಾರಿಯನ್ನು ತಡೆದು ಕಥಾಸಂದರ್ಭವನ್ನು ವಿಚಾರಿಸುವಂತೆ, ಅಂದಿನ ಅನೇಕ ಆಟಗಳು ನಡುನಡುವೆ ಆಟವನ್ನು ನಿಲ್ಲಿಸಿ ಕಥೆ ಹೇಳುತ್ತಿದ್ದವು. ಹಾಫ್-ಲೈಫ್ ಹಾಗೆ ಮಾಡುವುದಿಲ್ಲ. ಆಡುವವನು ಮೊದಲಿನಿಂದ ಕೊನೆಯವರೆಗೆ ಫ್ರೀಮನ್‌ನ ಕಣ್ಣಿನಿಂದಲೇ ನೋಡುತ್ತಾನೆ. ಸಹೋದ್ಯೋಗಿಗಳ ಗಾಬರಿಯ ಮಾತಿನಿಂದ, ಗೋಡೆಯ ಬಿರುಕಿನಿಂದ, ಆರಿಹೋದ ದೀಪದಿಂದ ನಡೆದುದನ್ನು ಊಹಿಸಿಕೊಳ್ಳುತ್ತಾನೆ. ರಕ್ಷಣೆಗೆಂದು ಬಂದ ಸೈನಿಕರು ವಿಜ್ಞಾನಿಗಳನ್ನೇ ಕೊಲ್ಲಲು ಬಂದವರೆಂಬುದು ಕಣ್ಣೆದುರಿಗೇ ಬಯಲಾಗುತ್ತದೆ. ಈ ಸೈನಿಕರೂ ಮೂಢರಲ್ಲ. ಪಕ್ಕದಿಂದ ಸುತ್ತುವರಿದು, ಕೈಬಾಂಬು ಎಸೆದು, ಅಡಗಿದವನನ್ನು ಹೊರಗೆಳೆಯಬಲ್ಲರು. ವಿಜ್ಞಾನ ಕಾದಂಬರಿಕಾರ ಮಾರ್ಕ್ ಲೈಡ್ಲಾ ಇದರ ಕಥಾರಚನೆಯಲ್ಲಿ ಪಾಲುಗೊಂಡುದು ವ್ಯರ್ಥವಾಗಿಲ್ಲ.

ಆದರೆ ಕಥೆಯು ಸಂಶೋಧನಾಲಯವನ್ನು ಬಿಟ್ಟು ಝೆನ್ ಎಂಬ ಅನ್ಯಲೋಕವನ್ನು ಹೊಕ್ಕೊಡನೆ ಸೊಗಸು ಕುಂದುತ್ತದೆ. ಅಲ್ಲಿ ತೇಲುವ ಬಂಡೆಯಿಂದ ಬಂಡೆಗೆ ನೆಗೆಯುವುದೇ ಮುಖ್ಯ ಉದ್ಯೋಗ. ಕಾಲು ಜಾರಿದರೆ ಮತ್ತೆ ಮೊದಲಿನಿಂದ. ನೆಲದೊಳಗಿನ ಕಾರ್ಖಾನೆಯನ್ನು ಸತ್ಯವೆಂದು ನಂಬಿಸಿದ ಕಲೆಗಾರರಿಗೆ ಅನ್ಯಲೋಕವನ್ನು ನಂಬಿಸಲು ಸಾಧ್ಯವಾಗಲಿಲ್ಲ. ಅಭಿಮಾನಿಗಳ ತಂಡವೊಂದು ಈ ಆಟವನ್ನು ‘ಬ್ಲ್ಯಾಕ್ ಮೇಸಾ’ ಎಂಬ ಹೆಸರಿನಿಂದ ಹೊಸದಾಗಿ ಕಟ್ಟಲು ತೊಡಗಿ, 2012ರಲ್ಲಿ ಮೊದಲ ಭಾಗವನ್ನು ಹೊರತಂದಿತು. ಝೆನ್ ಲೋಕವನ್ನು ಬುಡದಿಂದ ಮರುರಚಿಸಿ ಕೆಲಸ ಪೂರ್ಣಗೊಳಿಸಲು 2020 ಆಯಿತು.

ವಿಜ್ಞಾನಿಗಳಲ್ಲಿ ಕೆಲವೇ ಮುಖಗಳು ಮರಳಿ ಮರಳಿ ಕಾಣುತ್ತವೆ. ಅವರಲ್ಲಿ ಒಬ್ಬ ಮಹಿಳೆಯೂ ಇಲ್ಲ. ಆರಂಭದ ತರಬೇತಿಯನ್ನು ಬಿಟ್ಟರೆ, ಹೆಣ್ಣುರೂಪ ಎದುರಾಗುವುದು ಹಂತಕಿಯರಲ್ಲಿ. ಇನ್ನು ರಕ್ತಪಾತದ ವಿಷಯ. ಜರ್ಮನಿಯಲ್ಲಿ ಮಾರಿದ ಆವೃತ್ತಿಯಲ್ಲಿ ಸೈನಿಕರ ಬದಲು ಯಂತ್ರಮಾನವರನ್ನು ನಿಲ್ಲಿಸಬೇಕಾಯಿತೆಂದರೆ ಅದರ ಪ್ರಮಾಣ ತಿಳಿದೀತು. ನಿರಪರಾಧಿಯಾದ ಸಹೋದ್ಯೋಗಿಯನ್ನು ಕೊಂದರೂ ಬಹುತೇಕ ಸಂದರ್ಭಗಳಲ್ಲಿ ಆಟವು ಕೇಳದೆ ಮುಂದುವರಿಯುತ್ತದೆ. ಕಥೆಗೆ ಅವಶ್ಯಕನಾದವನನ್ನು ಕೊಂದರೆ ಮಾತ್ರ ಆಟ ಮುಗಿಯುತ್ತದೆ. ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ.

ನಮ್ಮ ಕಡೆಯ ಮನೆಗಳಿಗೆ ಇನ್ನೊಂದು ತೊಡಕೂ ಉಂಟು. ಇದರ ಕಥೆಯೆಲ್ಲ ಕಿವಿಗೆ ಬೀಳುವ ಇಂಗ್ಲಿಷ್ ಮಾತಿನಲ್ಲಿದೆ. ಕನ್ನಡದಲ್ಲಿ ಅದು ಬಂದಿಲ್ಲ. ಕನ್ನಡ ಶಾಲೆಯಲ್ಲಿ ಓದುವ ಮಸ್ಕಿಯ ಹುಡುಗನಿಗೆ ಆ ಮಾತು ತಿಳಿಯದಿದ್ದರೆ ಆಟದ ಶ್ರೇಷ್ಠಭಾಗವೇ ಕೈತಪ್ಪಿ, ಬರಿಯ ಗುಂಡಿನ ಸದ್ದು ಉಳಿಯುತ್ತದೆ. ಯಂತ್ರದ ತೊಂದರೆಯೇನೂ ಇಲ್ಲ. ಮೂಲ ಆಟಕ್ಕೆ 24 ಮೆಗಾಬೈಟ್ ಸ್ಮರಣಶಕ್ತಿಯ ಕಂಪ್ಯೂಟರ್ ಸಾಕಾಗಿತ್ತು. 25 ವರ್ಷ ತುಂಬಿದ ನೆನಪಿಗೆ 2023ರಲ್ಲಿ ವಾಲ್ವ್ ಅದನ್ನು ಪರಿಷ್ಕರಿಸಿಯೂ ಕೊಟ್ಟಿತು. ಮಾತು ತಿಳಿದ ಅಣ್ಣನೋ ಅಕ್ಕನೋ ಪಕ್ಕದಲ್ಲಿ ಕುಳಿತು ಅರ್ಥ ಹೇಳಿದರೆ, ಕಾಲೇಜು ಮೆಟ್ಟಿಲೇರಿದ ಹುಡುಗನಿಗೆ ಝೆನ್‌ವರೆಗಿನ ದಾರಿ ಚೆನ್ನಾಗಿಯೇ ಸಾಗುತ್ತದೆ.